ಒಡೆಯದ ಕುಲುಮೆ

ಏಳೂವರೆಗೆ ಪೈಪು ಎಳೆದುಕೊಂಡು ಬರುತ್ತೇನೆ.
ಹುಲ್ಲಿಗೆ ನೀರು, ದಾಸವಾಳಕ್ಕೆ ನೀರು,
ಜಾರುಬಂಡೆಯ ಕೆಳಗಿನ ದೂಳಿಗೂ ಒಂದಿಷ್ಟು.
ಕುಲುಮೆಗೆ ಮಾತ್ರ ಹನಿ ತಾಕಬಾರದು
ಅಂದಿದ್ದಾರೆ ಪುರಸಭೆಯವರು.
ಮಣ್ಣಲ್ಲವೇ, ಕರಗೀತು.

ಎದೆಮಟ್ಟದ ಗುಡಾಣ.
ಕೊರಳು ಸಣ್ಣದು, ಹೊಟ್ಟೆ ದೊಡ್ಡದು,
ಬುಡದಲ್ಲಿ ತಿದಿಯ ಮೂತಿ ತೂರಿಸುವ ತೂತು.
ಅದರೊಳಗೆ ಈಗ ಕಣಜದ ಹುಳುವಿನ ಗೂಡು.
ಕಿಟ್ಟದಕುಪ್ಪೆಯಿಂದ ಟ್ರ್ಯಾಕ್ಟರಿನಲ್ಲಿ
ಹುಲ್ಲು ಹಾಸಿ, ಗೋಣಿ ಸುತ್ತಿ,
ಗುಂಡಿ ಕಂಡಲ್ಲೆಲ್ಲ ಇಳಿದು ದಾರಿ ನೋಡಿ ತಂದರು.

ಸುತ್ತ ಕಬ್ಬಿಣದ ಜಾಲರಿ, ಬೀಗ.
ಬಸ್‌ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿಯ
ನಯಾಜು ಮಾಡಿದ್ದು. ಬಿಲ್ಲು ಇನ್ನೂ ಪಾಸಾಗಿಲ್ಲ,
ಎರಡೇ ಮಳೆಗೆ ತುಕ್ಕು ಬಂತು.

ಹಲಗೆಯಲ್ಲಿ ಬರೆದಿದೆ:
‘ಪುರಾತನ ಕಬ್ಬಿಣದ ಕುಲುಮೆ. ಸುಸ್ಥಿತಿಯಲ್ಲಿದೆ.’
ಇಸವಿಯ ಜಾಗ ಖಾಲಿ ಬಿಟ್ಟು
ಊಟಕ್ಕೆ ಹೋದ ಬಣ್ಣದವನು
ಬರಲೇ ಇಲ್ಲ.

ಸುಸ್ಥಿತಿ.
ಈ ಪದ ಕಂಡಾಗೆಲ್ಲ
ಅಜ್ಜಿ ಗಿರಿಯಕ್ಕ ನನ್ನೊಳಗೆ ಗೊಣಗುತ್ತಾಳೆ.

ಮಳೆ ನಿಂತ ಮರುದಿನ
ಹಳ್ಳದ ಹರವಿನಲ್ಲಿ ಹೆಂಗಸರು ಸಾಲಾಗಿ ಕೂತು
ಮರಿಗೆಯಲ್ಲಿ ಮರಳು ತೊಳೆಯುತ್ತಿದ್ದರಂತೆ.
ಬಿಳಿದು ನೀರಿನ ಪಾಲು,
ಕರಿದು ಕುಲುಮೆಯ ಪಾಲು.
ಕೈಗೆರೆಗಳಲ್ಲಿ ಕೂತ ಕಪ್ಪು
ಮದುವೆಯ ಅರಿಸಿನಕ್ಕೂ ಹೋಗುತ್ತಿರಲಿಲ್ಲ.
ಕಗ್ಗಲಿಯ ಇದ್ದಿಲು ಒಂದು ಕುಕ್ಕೆ, ಮರಳು ಒಂದು ಮೊರ,
ಮತ್ತೆ ಇದ್ದಿಲು, ಮತ್ತೆ ಮರಳು.
ಇಬ್ಬರು ಗಂಡಸರು ಎಮ್ಮೆತೊಗಲಿನ ತಿದಿ ತುಳಿಯುತ್ತ
ಹೊತ್ತು ಹುಟ್ಟಿದಾಗಿನಿಂದ ನೆತ್ತಿಗೆ ಬರುವ ತನಕ
ಒಂದೇ ಉಸಿರು.

ಆಮೇಲೆ?
ಆಮೇಲೆ ಒಡೆಯೋದು ಕಣಮ್ಮಿ, ಅಂದಿದ್ದಳು.
ಹಾರೆ ಹಾಕಿ ಮುಂದಲ ಗೋಡೆ ಕಿತ್ತು
ನಿಗಿನಿಗಿ ಅನ್ನೋ ಮುದ್ದೇನ
ಇಕ್ಕಳದಾಗೆ ಈಚೆಗೆ ಎಳೆಯೋದು.
ನಾಳೀಕೆ ಹೊಸ ಮಣ್ಣು, ಹೊಸ ಗೋಡೆ.
ಒಡೀದಿದ್ರೆ ಕಬ್ಬಿಣ ಎಲ್ಲಿಂದ ಬಂದಾತು?

ಹಾಗಾದರೆ ಇದು?

ಅವಳಿಗಾಗ ಆರೋ ಏಳೋ ವರ್ಷ.
ಸೀಮೆ ಕಬ್ಬಿಣ ರೈಲಿಳಿದು ಸಂತೆಗೆ ಬಂದಿತ್ತು,
ಮಣಕ್ಕೆ ಅರ್ಧ ಬೆಲೆ.
ಅಡವಿಗೆ ಸರ್ಕಾರದ ಗಡಿಗಲ್ಲು ಬಿದ್ದಿತ್ತು.
ತಿದಿ ನಡೆಯುತ್ತಿರುವಾಗಲೇ ಗಾರ್ಡು ಬಂದ,
ಉಳಿದ ಇದ್ದಿಲನ್ನೆಲ್ಲ ಗಾಡಿಗೆ ಹೇರಿಸಿದ.
ಗಾಡಿಯ ಹಿಂದೆ ಗಂಡಸರು ಕಚೇರಿಗೆ ಹೋದರು.
ಅರ್ಧಕ್ಕೆ ನಿಂತ ಬೆಂಕಿ ತಾನಾಗಿ ಕಂದಿತು.
ಮೂರು ದಿನ ಬಿಟ್ಟು ಬಂದ ಅವಳಪ್ಪ ಮುದ್ದರಂಗ
ಹಾರೆ ಎತ್ತಿಕೊಂಡನಂತೆ,
ಗೋಡೆಗೆ ಕಿವಿ ಇಟ್ಟನಂತೆ,
ಹಾರೆ ಕೆಳಗಿಟ್ಟನಂತೆ.
ಅದೇ ಹಾರೆಯಲ್ಲಿ ಆಮೇಲೆ
ರಸ್ತೆಗೆ ಕಲ್ಲು ಕೀಳುವ ಕೂಲಿ.

ಇದನ್ನೆಲ್ಲ ಒಂದು ಸಲ ಇಂಜಿನಿಯರಿಗೆ ಹೇಳಿದೆ.
‘ದಾಖಲೆ ಇದೆಯೇನಮ್ಮ?’ ಅಂದರು.
ಕೈ ತೋರಿಸಿದೆ. ಒದ್ದೆಯಿತ್ತು.

ನಿನ್ನೆ ಸಂಜೆ
ಮಧುಗಿರಿ ಬೆಟ್ಟದ ನೆರಳು ಉಯ್ಯಾಲೆ ದಾಟುವ ಹೊತ್ತಿಗೆ
ನಯಾಜುವಿನ ಮಗ ತೌಸೀಫ
ಹಾಳು ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ
ದೂಳಿನಲ್ಲಿ ಎಳೆದಾಡುತ್ತಿದ್ದ.
‘ಗಡ್ಡ ಬಂತು ನೋಡಜ್ಜಿ’ ಅಂದ. ಕಪ್ಪು ಮರಳಿನ ಗಡ್ಡ.
ಹಳ್ಳದ ಹರವಿನ ಹೆಂಗಸರು ಕಂಡಿದ್ದರೆ
ಮರಿಗೆ ಬಿಸಾಕಿ ನಗುತ್ತಿದ್ದರೋ, ಅಳುತ್ತಿದ್ದರೋ.

ಸೊಂಟದ ಕೀಲಿ ತೆಗೆದು ಬೀಗ ಬಿಚ್ಚಿದೆ.
ಮುಟ್ಟಬೇಡ, ಗಡ್ಡ ಒರೆಸು,
ದಾರ ಮಾತ್ರ ಇಳಿಬಿಡು, ಅಂದೆ,
ಅಲ್ಲಿ, ಹೊಟ್ಟೆಯ ಹತ್ತಿರ.

ಗಾಳಿ ಇರಲಿಲ್ಲ.
ದಾರ ನೆಟ್ಟಗೆ ನಿಂತಿತು.
ಆಮೇಲೆ ಒಂದು ಬೆರಳಿನಷ್ಟು
ಗೋಡೆಯ ಕಡೆ ವಾಲಿತು.

‘ನಿಮ್ಮಪ್ಪನ ಜಾಲರಿ ಎಳೀತಿರಬೇಕು’ ಅಂದೆ.
‘ಜಾಲರಿ ಈ ಕಡೆ ಐತಲ್ಲಜ್ಜಿ’ ಅಂದ.
ಅಷ್ಟರಲ್ಲಿ ವಾಚ್‌ಮನ್ ಸೀಟಿ ಊದಿದ.